ರೈಟ್ ಅನ್ನದೆ ಹೊರಡದ ಗಾಡಿ

ಇದು ನಡೆದದ್ದು. ನನ್ನ ಕಣ್ಣಾಣೆ, ನನ್ನ ನಾಲಿಗೆಯಾಣೆ, ಬೇಕಿದ್ದರೆ ನಿಮ್ಮ ತಲೆಯ ಮೇಲೂ ಕೈಯಿಟ್ಟು ಹೇಳುತ್ತೇನೆ, ಇದರಲ್ಲಿ ಒಂದು ಕಾಳಿನಷ್ಟೂ ಸುಳ್ಳಿಲ್ಲ. ಕಪ್ಪೆಯ ಸಂಗತಿ ಬಂದಾಗ ನೀವು ನಗುತ್ತೀರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ಕಪ್ಪೆಯೂ ನಿಜ.

ಡ್ರೈವರಣ್ಣ ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ಅವನ ಬಸ್ಸು ತಿರುವಿನಲ್ಲಿ ತಿರುಗಿದರೆ ಒಳಗೆ ನಿಂತವರ ಕೈಯಲ್ಲಿದ್ದ ಲೋಟದ ನೀರು ಅಲುಗುತ್ತಿರಲಿಲ್ಲವಂತೆ. ಮೂವತ್ತೊಂದು ವರ್ಷವೂ ಅವನ ಹಿಂದೆ ಒಬ್ಬನೇ ಕಂಡಕ್ಟರ್. ಸಣಕಲು ಆಳು, ದೊಡ್ಡ ಗಂಟಲು, ಬಲಗೈ ಬೆರಳಲ್ಲಿ ದಪ್ಪ ಉಕ್ಕಿನ ಉಂಗುರ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿ ಒಂದೇ ದಿನ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಹಾರ ಹಾಕಿ ಕೂರಿಸಿದರೆ, ಕಂಡಕ್ಟರ್ "ರೈಟ್" ಅನ್ನುವ ತನಕ ಡ್ರೈವರಣ್ಣ ಕುರ್ಚಿ ಬಿಟ್ಟು ಏಳಲಿಲ್ಲ ಅನ್ನುತ್ತಾರೆ.

ಡ್ರೈವರಣ್ಣನ ಹೆಂಡತಿ ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಅವಳ ಹೊಲಿಗೆ ಮಿಷನ್. ದಾರ ಸಿಕ್ಕಿಕೊಳ್ಳುವ ಮುಂಚೆಯೇ ಸದ್ದಿನಿಂದ ಗೊತ್ತುಮಾಡಿ ಕಾಲು ತೆಗೆಯುವಷ್ಟು ಸೂಕ್ಷ್ಮ ಕಿವಿ. ಗಂಡನ ಬಸ್ಸಿನಲ್ಲಿ ಎಷ್ಟೋ ಸಲ ಓಡಾಡಿದ್ದಳು, ಟಿಕೆಟ್ ತಗೊಂಡೇ. ಕೂರುತ್ತಿದ್ದದ್ದು ಮಾತ್ರ ಹಿಂದಿನ ಸಾಲಿನಲ್ಲಿ.

"ಇಷ್ಟು ವರ್ಷದಲ್ಲಿ ನಿಮ್ಮ ಕತ್ತಿನ ಹಿಂಭಾಗ ನನಗೆ ಬಾಯಿಪಾಠ ಆಗಿದೆ" ಎಂದು ಒಂದು ದಿನ ಅಂಗಿಗೆ ಗುಂಡಿ ಹಾಕುತ್ತಾ ಅಂದಳು. "ಓಡಿಸುವಾಗ ನಿಮ್ಮ ಮುಖ ಹೆಂಗಿರತ್ತೆ ಅಂತ ಮಾತ್ರ ಇವತ್ತಿಗೂ ನೋಡಿಲ್ಲ."

ಆ ಮಾತು ಡ್ರೈವರಣ್ಣನ ಎದೆಗೆ ನಾಟಿತು. ನಿವೃತ್ತಿಯ ದುಡ್ಡು ಕೈಗೆ ಬಂದ ವಾರವೇ ಅವನು ಷಡ್ಡಕನ ಮನೆಗೆ ಹೋದ. ಷಡ್ಡಕ ಅಂದರೆ ಹೆಂಡತಿಯ ತಂಗಿಯ ಗಂಡ, ಗುಡ್ಡದ ಮೇಲಿನ ಬಡಾವಣೆಯಲ್ಲಿ ಮನೆ, ಮಾತಿನಲ್ಲಿ ಬೆಣ್ಣೆ. ಅವನ ಬಳಿ ಎಂಟು ವರ್ಷ ಓಡಿಸಿದ ಒಂದು ಕ್ರಾಸೋವರ್ ಇತ್ತು. ಅತ್ತ ಪೂರಾ ಕಾರೂ ಅಲ್ಲ, ಇತ್ತ ಪೂರಾ ಜೀಪೂ ಅಲ್ಲ. ಕಾರಿನ ಮೈ, ಜೀಪಿನ ಠೀವಿ.

"ಭಾವ, ನೀವು ಅಂತ ಕೊಡ್ತಿದೀನಿ. ಬೇರೆಯವರಿಗೆ ಮುಟ್ಟೋಕೂ ಬಿಡ್ತಿರ್ಲಿಲ್ಲ" ಅಂದ ಷಡ್ಡಕ. "ಇದಕ್ಕೆ ಖರ್ಚು ಅನ್ನೋದೇ ಇಲ್ಲ. ಪೆಟ್ರೋಲ್ ಹಾಕಿ, ಓಡಿಸ್ತಾ ಇರಿ."

"ಅಷ್ಟು ಚೆನ್ನಾಗಿದ್ರೆ ನೀವ್ಯಾಕೆ ಮಾರ್ತಿದೀರಿ?"

"ಚೆನ್ನಾಗಿರೋ ವಸ್ತು ಮನೆ ಒಳಗೇ ಇರ್ಲಿ ಅಂತ, ಭಾವ!"

ಗಾಡಿ ತರಲು ಡ್ರೈವರಣ್ಣ ಒಬ್ಬನೇ ಹೋಗುವುದುಂಟೇ? ಕಂಡಕ್ಟರನ್ನೂ ಕರೆದುಕೊಂಡು ಹೋಗಿದ್ದ. ಕಂಡಕ್ಟರ್ ಹಿಂದೆ ಹತ್ತಿದ, ಮುಂದಿನ ಸೀಟಿನ ತಲೆದಿಂಬಿನ ಕೆಳಗಿನ ಕಂಬಿ ಹಿಡಿದುಕೊಂಡ, ಕಿಟಕಿಯಾಚೆ ಹಿಂದೆ ಮುಂದೆ ನೋಡಿ, "ರೈಟ್ ರೈಟ್!" ಅಂದ. ಗಾಡಿ ಹೊರಟಿತು. ಷಡ್ಡಕ ಗೇಟಿನಲ್ಲಿ ನಿಂತು ಕೈ ಬೀಸಿದ, ಹೊಟ್ಟೆನೋವು ವಾಸಿಯಾದವನ ಹಾಗೆ.

ಮನೆ ಮುಟ್ಟಲು ಅರ್ಧ ಗಂಟೆ ಸಾಕಿತ್ತು. ಹಿಡಿದದ್ದು ಎರಡು ಗಂಟೆ. ಯಾಕೆಂದರೆ ದಾರಿಯಲ್ಲಿ ಸಿಕ್ಕ ಒಂದೊಂದು ಬಸ್ ಸ್ಟಾಪಿನಲ್ಲೂ ಡ್ರೈವರಣ್ಣನ ಕಾಲು ತಾನೇ ತಾನಾಗಿ ಬ್ರೇಕಿಗೆ ಹೋಯಿತು. ನಿಲ್ಲಿಸಿದ ಗಾಡಿಗೆ ಜನ ಹತ್ತದೆ ಬಿಡುತ್ತಾರೆಯೇ? ಕಂಡಕ್ಟರ್ ಅಭ್ಯಾಸಬಲದಿಂದ "ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ" ಅಂದ. ಒಬ್ಬಳು ಅಜ್ಜಿ ಎರಡು ಕೋಳಿ ಹಿಡಿದುಕೊಂಡು ಹತ್ತಿ ನಿದ್ದೆ ಹೋದವಳು ಮನೆಯ ಗೇಟಿನಲ್ಲೇ ಎಚ್ಚರಗೊಂಡದ್ದು. ಇಳಿದವಳೇ, "ಈ ಬಸ್ಸಿನ ಸೀಟು ಮೆತ್ತಗಿದೆ, ನಾಳೆ ಎಷ್ಟು ಗಂಟೆಗೆ?" ಎಂದು ಕೇಳಿದಳು. ಅವಳನ್ನು ವಾಪಸ್ ಬಿಟ್ಟು ಬಂದದ್ದಾಯಿತು.

ಹೆಂಡತಿ ಗೇಟಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಗಾಡಿಯನ್ನು ಚಕ್ರದಿಂದ ಮಾಡಿನ ತನಕ ನೋಡಿದಳು.

"ಇದೇನ್ರೀ, ಕಾರು ಹಿಮ್ಮಡಿ ಎತ್ತಿ ನಿಂತಂಗಿದೆ?"

"ಅದೇ ಕಣೇ ಫ್ಯಾಷನ್ನು! ಬಾ, ಮುಂದೆ ಕೂತ್ಕೋ. ಒಂದು ಸುತ್ತು ಹೋಗಿ ಬರೋಣ."

"ನಾನು ಕೂರಲ್ಲ. ನೀವು ಬೀದಿ ತಿರುಗುವಾಗ್ಲೇ ಕೇಳಿಸ್ತು. ಮೂರು ಥರ ಸದ್ದು. ಒಂದು ಗುಂಯ್ ಅಂತ, ಒಂದು ಗೊಟಗೊಟ ಅಂತ, ಇನ್ನೊಂದು ಟಕ್ ಟಕ್ ಟಕ್ ಅಂತ."

"ಟಕ್ ಟಕ್ಕಾ? ಗುಂಯ್ ಕೇಳಿಸ್ತು, ಗೊಟಗೊಟ ಕೇಳಿಸ್ತು. ಟಕ್ ಟಕ್ ಎಲ್ಲಿದೆಯೇ?" ಡ್ರೈವರಣ್ಣ ಕಂಡಕ್ಟರ್ ಕಡೆ ತಿರುಗಿದ. "ನಿನಗೆ ಕೇಳಿಸ್ತೇನಪ್ಪಾ?"

"ಇಲ್ವಲ್ಲ, ಅಣ್ಣ. ಅತ್ತಿಗೆ ಮಿಷನ್ ಸದ್ದು ಕಿವಿಯೊಳಗೇ ಉಳಿದಿರಬೇಕು."

ಅತ್ತಿಗೆಗೆ ಕೋಪ ಬಂತು. ಕೋಪ ಬಂದಾಗ ಅವಳು ಕೂಗುತ್ತಿರಲಿಲ್ಲ. ಕತ್ತರಿಯಿಂದ ಬಟ್ಟೆ ಕತ್ತರಿಸಿದ ಹಾಗೆ ನೇರ ಮಾತು.

"ಕೇಳಿ ಇಲ್ಲಿ. ಮೂರು ತಿಂಗಳು ಕೊಡ್ತೀನಿ. ಅಷ್ಟರೊಳಗೆ ಮೂರೂ ಸದ್ದು ನಿಂತ್ರೆ ನಾನೇ ಬಂದು ಮುಂದೆ ಕೂರ್ತೀನಿ. ನಿಲ್ಲದಿದ್ರೆ ಗಾಡಿ ಮಾರ್ತೀರಿ, ಅದು ನಿಂತಿರೋ ಜಾಗದಲ್ಲಿ ನಾನು ಇನ್ನೊಂದು ಮಿಷನ್ ಇಡ್ತೀನಿ. ಒಪ್ಪಿಗೆನಾ?"

ಒಪ್ಪದೆ ಏನು ಮಾಡುತ್ತಾನೆ? ಒಪ್ಪಿದ.

ಆ ಊರಿನ ಮೆಕ್ಯಾನಿಕ್ಕನ್ನು ಎಲ್ಲರೂ ಡಾಕ್ಟರ್ ಅನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ರೋಗ ಹೇಳುವವನು. ಗಾಡಿಯನ್ನು ಜ್ಯಾಕಿನ ಮೇಲೆ ಎತ್ತಿ, ಒಂದು ಚಕ್ರ ತಿರುಗಿಸಿ, ಹತ್ತು ನಿಮಿಷ ಧ್ಯಾನ ಮಾಡಿದ.

"ಗುಂಯ್ ಅಂತಿರೋದು ಚಕ್ರದ ಬೇರಿಂಗು. ಗೊಟಗೊಟ ಅಂತಿರೋದು ಸಸ್ಪೆನ್ಷನ್ ಲಿಂಕು, ಬುಷ್ಷು. ಟೈರು ನಾಲ್ಕೂ ಬೋಳು."

"ಟೈರು ಎರಡು ಹಾಕಿದ್ರೆ ಸಾಲದೇ?"

"ಸಾಲಲ್ಲ. ಇದು ನಾಲ್ಕು ಚಕ್ರಕ್ಕೂ ಎಳೆತ ಇರೋ ಗಾಡಿ. ಎರಡು ಹೊಸದು ಎರಡು ಹಳೇದು ಹಾಕಿದ್ರೆ ಮುಂದಿಂದಕ್ಕೂ ಹಿಂದಿಂದಕ್ಕೂ ಜಗಳ ಹತ್ತಿ ಒಳಗಿನ ಗೇರು ಹಾಳಾಗತ್ತೆ. ನಾಲ್ಕೂ ಒಟ್ಟಿಗೇ."

"ಬಸ್ಸಿಗೂ ಇಷ್ಟು ನಾಜೂಕು ಇರ್ಲಿಲ್ಲ, ಡಾಕ್ಟ್ರೇ!"

"ಬಸ್ಸಿನ ಬಿಲ್ಲು ಡಿಪೋಗೆ ಹೋಗ್ತಿತ್ತು, ಅಣ್ಣ. ಅದಕ್ಕೇ ನಿಮಗೆ ಗೊತ್ತಾಗ್ತಿರ್ಲಿಲ್ಲ."

ಡ್ರೈವರಣ್ಣ ಬಿಲ್ಲು ಹಿಡಿದು ಮನೆಗೆ ಬಂದ. ಹೆಂಡತಿ ಯಾವ ಖರ್ಚನ್ನೂ ಅಂಗಿಯಲ್ಲೇ ಅಳೆಯುವವಳು. ಬಿಲ್ಲು ನೋಡಿ, "ಬೇರಿಂಗು ಅಂದ್ರೆ ಹನ್ನೊಂದು ಅಂಗಿ. ಟೈರು ಅಂದ್ರೆ ಒಂದು ಶಾಲೆ ಮಕ್ಕಳಿಗೆಲ್ಲಾ ಯೂನಿಫಾರ್ಮು" ಅಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಆಮೇಲೆ ಗಾಡಿ ತನ್ನ ರೋಗಗಳನ್ನು ಒಂದೊಂದಾಗಿ ಬಿಚ್ಚತೊಡಗಿತು, ಬಹಳ ದಿನದ ಮೇಲೆ ನೆಂಟರು ಸಿಕ್ಕಾಗ ಮುದುಕರು ಬಿಚ್ಚುವ ಹಾಗೆ. ಇಂಜಿನ್ನಿನ ಹಳದಿ ದೀಪ ಹತ್ತಿತು. ಹತ್ತಿದ್ದು ಆರಲೇ ಇಲ್ಲ. ಡಾಕ್ಟರ್ ಎರಡು ದಿನ ಹುಡುಕಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ರಬ್ಬರು ಸೀಳಿದೆ ಅಂದ. ಎಸಿ ತಣ್ಣಗೆ ಬೀಸುವ ಬದಲು ಬೇಸಿಗೆಯಲ್ಲಿ ಬೆಚ್ಚಗೆ ಉಸಿರು ಬಿಡುತ್ತಿತ್ತು. ಬ್ಯಾಟರಿ ಸೋಮವಾರ ಜೀವಂತ, ಮಂಗಳವಾರ ಹೆಣ.

ಒಂದು ಜೋರು ಮಳೆ ಬಂತು. ಮಾರನೆಯ ದಿನ ಬಾಗಿಲು ತೆಗೆದರೆ ಮುಂದಿನ ಸೀಟಿನ ಕೆಳಗೆ ಮೊಣಕಾಲಿನವರೆಗೆ ನೀರು. ಮಾಡಿನ ಗಾಜಿನ ಕಿಟಕಿಯ ಸುತ್ತ ನೀರು ಇಳಿದುಹೋಗಲು ಇರುವ ಕೊಳವೆಯಲ್ಲಿ ಎಲೆ ಕಟ್ಟಿಕೊಂಡು, ನೀರೆಲ್ಲಾ ಒಳಗೆ ಸುರಿದಿತ್ತು. ಮತ್ತೆ, ಇದೋ ಬಂತು ನೋಡಿ, ಆ ನೀರಿನಲ್ಲಿ ಒಂದು ಕಪ್ಪೆ. ಸುಮ್ಮನೆ ಕೂತಿರಲಿಲ್ಲ. ಕ್ಲಚ್ಚಿನ ಮೇಲೆ ಒಂದು ಕಾಲು, ಬ್ರೇಕಿನ ಮೇಲೆ ಒಂದು ಕಾಲು ಇಟ್ಟು ಕೂತಿತ್ತು.

"ಅಣ್ಣ, ನಿಮಗಿಂತ ಇದರ ಕಾಲು ಸರಿಯಾಗಿದೆ" ಅಂದ ಕಂಡಕ್ಟರ್. "ನೀವು ಯಾವಾಗ್ಲೂ ಕ್ಲಚ್ ಮೇಲೇ ಒರಗಿರ್ತೀರಿ."

ಡಾಕ್ಟರ್ ಕೊಳವೆಯಲ್ಲಿ ಸೈಕಲ್ಲಿನ ಬ್ರೇಕ್ ತಂತಿ ತೂರಿಸಿ ಎಲೆ ತೆಗೆದ. ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಕಪ್ಪೆ ನೋಡಿದ್ದಕ್ಕೇ ಸರಿಹೋಯಿತು ಅಂದ.

ಹೀಗೆ ಎರಡು ತಿಂಗಳಲ್ಲಿ ಗುಂಯ್ ಹೋಯಿತು, ಗೊಟಗೊಟ ಹೋಯಿತು, ದೀಪ ಆರಿತು, ಎಸಿ ತಣ್ಣಗಾಯಿತು. ಉಳಿದದ್ದು ಒಂದೇ. ಟಕ್ ಟಕ್ ಟಕ್.

ವಿಚಿತ್ರ ಅಂದರೆ ಇದು. ಡಾಕ್ಟರನಿಗೆ ಅದು ಕೇಳಿಸುತ್ತಿತ್ತು. ಬೀದಿಯ ತುದಿಯಿಂದ ಹೆಂಡತಿಗೂ ಕೇಳಿಸುತ್ತಿತ್ತು. ಡ್ರೈವರಣ್ಣನಿಗೂ ಕಂಡಕ್ಟರನಿಗೂ ಮಾತ್ರ ಇಲ್ಲವೇ ಇಲ್ಲ. ಜ್ಯಾಕಿನ ಮೇಲೆ ಎತ್ತಿದರೆ ಸದ್ದಿಲ್ಲ. ರಸ್ತೆಗೆ ಇಳಿದರೆ, ಅದರಲ್ಲೂ ಜನ ಗುಂಪು ನಿಂತ ಕಡೆ ನಿಧಾನ ಮಾಡಿದರೆ, ಟಕ್ ಟಕ್ ಟಕ್. ಡಾಕ್ಟರ್ ಲಿಂಕು ಎರಡನೇ ಸಲ ಬದಲಿಸಿದ. ಇಂಜಿನ್ನು ಕೂತಿರುವ ರಬ್ಬರಿನ ದಿಂಡು ಬದಲಿಸಿದ. ಬ್ರೇಕಿನ ಪ್ಯಾಡು ಬಿಚ್ಚಿ ಹಾಕಿದ. ತನ್ನ ಊಟ ಬಿಟ್ಟ.

"ಒಂದ್ಸಲ ಸ್ಟೇರಿಂಗ್ ನನ್ನ ಕೈಗೆ ಕೊಡಿ, ಅಣ್ಣ. ನಾನೊಬ್ಬನೇ ಓಡಿಸಿ ನೋಡ್ತೀನಿ."

"ನನ್ನ ಗಾಡಿ ಸ್ಟೇರಿಂಗ್ ಬೇರೆಯವರು ಮುಟ್ಟಿದ್ದು ಮೂವತ್ತೊಂದು ವರ್ಷದಲ್ಲಿ ಇಲ್ಲ, ಡಾಕ್ಟ್ರೇ. ಬೇಕಾದ್ರೆ ಪಕ್ಕದಲ್ಲಿ ಕೂತು ಕೇಳಿ."

ಅವತ್ತು ಆದದ್ದು ಊರಿಗೆಲ್ಲಾ ಗೊತ್ತು. ಡಾಕ್ಟರ್ ಬಾನೆಟ್ಟು ಎತ್ತಿ ನಿಲ್ಲಿಸಿ, ಇಂಜಿನ್ ಚಾಲೂ ಮಾಡಿಸಿ, ಪಕ್ಕದ ಸೀಟಿನಲ್ಲಿ ಬಗ್ಗಿ ಕೂತು ಸ್ಕ್ರೂಡ್ರೈವರನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಕೇಳುತ್ತಿದ್ದ. ಯೋಚನೆ ಜಾಸ್ತಿಯಾದರೆ ಸೀಟಿ ಹಾಕುವುದು ಅವನ ಚಾಳಿ. ಎರಡು ಸಲ ಪೀ, ಪೀ ಅಂದ. ಅಷ್ಟೇ! ಬಸ್ಸಿನಲ್ಲಿ ಎರಡು ಸೀಟಿ ಅಂದರೆ ಹೊರಡು ಅಂತ. ಡ್ರೈವರಣ್ಣನ ಕಾಲಿಗೆ ಅಷ್ಟು ಸಾಕಾಯಿತು. ಬಾನೆಟ್ಟು ಆನೆ ಕಿವಿಯ ಹಾಗೆ ಎದ್ದು ನಿಂತಿದ್ದಂತೆಯೇ ಗಾಡಿ ಗ್ಯಾರೇಜಿನಿಂದ ರಸ್ತೆಗೆ ಹೊರಟುಬಿಟ್ಟಿತು. ಮುಂದೆ ಏನೂ ಕಾಣದೆ ಡ್ರೈವರಣ್ಣ ಕಿಟಕಿಯಿಂದ ತಲೆ ಹೊರಹಾಕಿ ಓಡಿಸಿದ.

"ನಿಲ್ಸಿ! ನಿಲ್ಸಿ! ಅಯ್ಯೋ ನಿಲ್ಸಿ!" ಡಾಕ್ಟರ್ ಬಾಯಿಬಡಿದುಕೊಂಡ.

ಇಂಥ "ನಿಲ್ಸಿ"ಗಳನ್ನು ಡ್ರೈವರಣ್ಣ ಲಕ್ಷಗಟ್ಟಲೆ ಕೇಳಿದ್ದ. ಪ್ರಯಾಣಿಕರು ಕೂಗಿದಲ್ಲೆಲ್ಲಾ ನಿಲ್ಲಿಸಿದರೆ ಬಸ್ಸು ಊರು ಮುಟ್ಟುತ್ತದೆಯೇ? ಕಂಡಕ್ಟರ್ "ಹೋಲ್ಡಾನ್" ಅನ್ನಬೇಕು. ಕಂಡಕ್ಟರೋ ಗ್ಯಾರೇಜಿನ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದವನು ಲೋಟ ಹಿಡಿದುಕೊಂಡೇ ಹಿಂದೆ ಓಡಿದ. ಅಂತೂ ಗಾಡಿ ನಿಂತಿತು, ಯಾಕೆಂದರೆ ಮುಂದೆ ಬಸ್ ಸ್ಟಾಪು ಬಂತು. ಡಾಕ್ಟರ್ ಇಳಿದು ರಸ್ತೆಯಲ್ಲೇ ಕೂತು, ಆಮೇಲೆ ನಗಲು ಶುರುಮಾಡಿದವನು ಸಂಜೆಯ ತನಕ ನಿಲ್ಲಿಸಲಿಲ್ಲ. ಆ ಗಲಾಟೆಯಲ್ಲಿ, ದಾರಿಯುದ್ದಕ್ಕೂ ಟಕ್ ಟಕ್ ಬರಲೇ ಇಲ್ಲ ಅನ್ನುವುದನ್ನು ಯಾರೂ ಗಮನಿಸಲಿಲ್ಲ. ತನ್ನ ಕಿರುಚಾಟ ಬಿಟ್ಟು ಡಾಕ್ಟರನಿಗೆ ಬೇರೇನೂ ಕೇಳಿಸಿರಲಿಲ್ಲ.

ಮೂರು ತಿಂಗಳು ಮುಗಿಯುತ್ತಾ ಬಂತು. ಡ್ರೈವರಣ್ಣನ ಮುಖ ಸಣ್ಣದಾಯಿತು. ರಾಯರಂತೆ ಇದ್ದವನು ಹೆಂಡತಿಯ ಮುಂದೆ ಕಿವಿ ಹಿಡಿದುಕೊಂಡು ನಿಂತ. "ಲೇ, ನನಗೇ ಕಿವುಡು ಬಂದಿದೆಯೇನೇ? ಎಲ್ಲರಿಗೂ ಕೇಳೋದು ನನಗ್ಯಾಕೆ ಕೇಳಲ್ಲ?"

ಹೆಂಡತಿ ಪಿಸುಮಾತಿನಲ್ಲಿ, "ಸಕ್ಕರೆ ಡಬ್ಬಿ ಖಾಲಿ" ಅಂದಳು.

"ತರ್ತೀನಿ ಬಿಡು."

"ಕಿವಿ ಚೆನ್ನಾಗಿದೆ" ಅಂದಳು ಹೆಂಡತಿ. ಅವಳಿಗೂ ಒಳಗೊಳಗೇ ಬೇಜಾರು. ಗಂಡನ ಪಕ್ಕ ಕೂರುವ ಆಸೆ ಅವಳಿಗೇನು ಕಡಿಮೆ ಇರಲಿಲ್ಲ. ಆದರೆ ಆಡಿದ ಮಾತನ್ನು ಬಿಚ್ಚಿ ಮತ್ತೆ ಹೊಲಿಯುವ ಜಾತಿಯವಳಲ್ಲ.

ಕೊನೆಯ ದಿನ ಷಡ್ಡಕ ಫೋನ್ ಮಾಡಿದ. "ಭಾವ, ಗಾಡಿ ನಿಮ್ಮ ಕೈಗೆ ಹೊಂದಲಿಲ್ಲ ಅಂತ ಕೇಳಿದೆ. ಪಾಪ. ತಂದುಬಿಡಿ, ನನ್ನ ಹತ್ರ ಗಿರಾಕಿ ಇದಾನೆ. ಅರ್ಧ ರೇಟಿಗೆ ಕೊಡಿಸ್ತೀನಿ. ನೀವು ಅಂತ ಮಾಡ್ತಿದೀನಿ."

ಡ್ರೈವರಣ್ಣ ಬೆಳಿಗ್ಗೆ ಎದ್ದು ಗಾಡಿ ತೊಳೆದ. ಡಾಕ್ಟರ್ ಬಿಚ್ಚಿಕೊಟ್ಟಿದ್ದ ಹಳೆಯ ಸಾಮಾನುಗಳನ್ನೆಲ್ಲಾ, ಬೋಳು ಟೈರು ನಾಲ್ಕು, ಸವೆದ ಬೇರಿಂಗು, ಲಿಂಕು, ಬುಷ್ಷಿನ ಮೂಟೆ, ಸತ್ತ ಬ್ಯಾಟರಿ, ಎಲ್ಲವನ್ನೂ ಹಿಂದಿನ ಸೀಟಿನಲ್ಲಿ ಮಾಡು ಮುಟ್ಟುವಂತೆ ತುಂಬಿದ. "ಖರ್ಚೇ ಇಲ್ಲ" ಅಂದವನಿಗೆ ತೋರಿಸಬೇಕಿತ್ತು. ಆಮೇಲೆ ಸ್ಟೇರಿಂಗ್ ಮುಂದೆ ಕೂತು ಇಂಜಿನ್ ಚಾಲೂ ಮಾಡಿದ.

ಮಾಡಿ, ಕೂತ. ಕೂತೇ ಇದ್ದ.

ಅವತ್ತು ಕಂಡಕ್ಟರ್ ಬಂದಿರಲಿಲ್ಲ. ದವಡೆ ಹಲ್ಲು ಕೀಳಿಸಿಕೊಂಡು ಕೆನ್ನೆ ಕುಂಬಳಕಾಯಿಯಾಗಿ ಮಲಗಿದ್ದ. ರೈಟ್ ಅನ್ನುವವರು ಇಲ್ಲ. ಡ್ರೈವರಣ್ಣ ಕಾಲಿಗೆ ಹೇಳಿದ, ಕಾಲು ಕೇಳಲಿಲ್ಲ. ತಾನೇ ಬಾಯಿ ತೆಗೆದು "ರೈಟ್" ಅಂದುಕೊಂಡ, ನಾಚಿಕೆಯಾಯಿತು. ಹೆಂಡತಿ ಕಿಟಕಿಯಿಂದ ನೋಡುತ್ತಾ ಮಿಷನ್ ತುಳಿಯುತ್ತಿದ್ದಳು.

"ಏನ್ರೀ, ಹೊರಡಲ್ವಾ? ಪೆಟ್ರೋಲ್ ಸುಡ್ತಿದೆ. ಈಗ್ಲೇ ಒಂದು ಅಂಗಿ ಕಾಲರ್ ಹೋಯ್ತು!"

"ಹೊರಡ್ತೀನಿ, ಹೊರಡ್ತೀನಿ."

ಸ್ವಲ್ಪ ಹೊತ್ತಾಯಿತು.

"ಎಡಗಡೆ ತೋಳೂ ಹೋಯ್ತು ನೋಡಿ!"

"ಲೇ, ರೈಟ್ ಅನ್ನೋರು ಬೇಕು ಕಣೇ."

"ರೈಟ್!" ಕಿಟಕಿಯಿಂದಲೇ ಕೂಗಿದಳು.

"ಹಂಗಲ್ಲ. ಗಾಡಿ ಒಳಗಿಂದ ಬರಬೇಕು. ಹೊರಗೆ ನಿಂತೋರು ಕೂಗಿದ್ರೆ ಬಸ್ಸು ಹೊರಡತ್ತಾ?"

ಹೆಂಡತಿ ಮಿಷನ್ ನಿಲ್ಲಿಸಿ, ಗೊಣಗುತ್ತಾ ಹೊರಗೆ ಬಂದಳು. ಬೆರಳಿಗೆ ಸೂಜಿ ಚುಚ್ಚದಿರಲೆಂದು ಹಾಕಿಕೊಳ್ಳುವ ತಗಡಿನ ಟೊಪ್ಪಿಗೆ ಇನ್ನೂ ಬೆರಳಿನಲ್ಲೇ ಇತ್ತು. ಹಿಂದಿನ ಬಾಗಿಲು ತೆಗೆದಳು. ಒಂದು ಟೈರು ಉರುಳಿ ಕಾಲಿಗೆ ಬಿತ್ತು. ಅದನ್ನು ಒಳಗೆ ನೂಕಿ ಬಾಗಿಲು ಹಾಕಿದಳು. ಕತ್ತೆತ್ತಿ ಆಕಾಶ ನೋಡಿದಳು. ಆಮೇಲೆ ಸುತ್ತುಹಾಕಿ ಬಂದು, ಮುಂದಿನ ಬಾಗಿಲು ತೆಗೆದು, ಗಂಡನ ಪಕ್ಕದಲ್ಲಿ ಕೂತಳು.

"ಇದು ಕೂತಿದ್ದು ಅಂತ ಲೆಕ್ಕ ಅಲ್ಲ" ಅಂದಳು. "ಮಾರೋಕೆ ಹೋಗ್ತಿರೋ ಗಾಡಿ ಇದು. ರೈಟ್."

ಗಾಡಿ ಹೂವಿನ ಹಾಗೆ ಹೊರಟಿತು.

ಬೀದಿ ದಾಟಿತು. ದೊಡ್ಡ ರಸ್ತೆಗೆ ಬಂತು. ಮೊದಲನೆಯ ಬಸ್ ಸ್ಟಾಪಿನ ಹತ್ತಿರ ನಿಧಾನವಾಯಿತು. ಹೆಂಡತಿ ಗಂಡನ ಮುಖವನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಓಡಿಸುವಾಗ ಅವನ ನಾಲಿಗೆಯ ತುದಿ ಬಾಯಿಂದ ಸ್ವಲ್ಪ ಹೊರಗೆ ಬರುತ್ತದೆ, ಬರೆಯಲು ಕಲಿಯುವ ಮಗುವಿಗೆ ಬರುವ ಹಾಗೆ. ಇದನ್ನು ಮೂವತ್ತೊಂದು ವರ್ಷ ಬಸ್ಸಿನ ಮುಂಗಾಜು ಮಾತ್ರ ನೋಡಿತ್ತು! ಅವಳಿಗೆ ನಗು ಬಂತು. ತಡೆದುಕೊಂಡಳು.

ಆಗಲೇ ಡ್ರೈವರಣ್ಣ ಗಕ್ಕನೆ ಬ್ರೇಕು ಒತ್ತಿದ. ಮುಖ ಬಿಳಿಚಿಕೊಂಡಿತ್ತು.

"ಕೆಟ್ಟಿತು ಕಣೇ! ಗಾಡಿ ಕೆಟ್ಟಿತು!"

"ಏನಾಯ್ತ್ರೀ?"

"ಏನೋ ನಿಂತುಹೋಗಿದೆ. ಕೇಳು, ಕೇಳು. ಬರಬೇಕಾದ್ದು ಏನೋ ಬರ್ತಿಲ್ಲ. ಇಷ್ಟು ಮೌನವಾಗಿ ನಾನು ಯಾವತ್ತೂ ಗಾಡಿ ಓಡಿಸಿಲ್ಲ!"

ಹೆಂಡತಿ ಕಿವಿಗೊಟ್ಟಳು. ಇಂಜಿನ್ನಿನ ಸಣ್ಣ ಗುನುಗು. ಎಸಿಯ ಗಾಳಿ. ಹಿಂದೆ ಟೈರಿನ ರಬ್ಬರಿನ ವಾಸನೆಯೇ ಹೊರತು ಸದ್ದಿಲ್ಲ. ಟಕ್ ಟಕ್ ಇಲ್ಲ!

"ಇನ್ನೊಂದು ಸ್ಟಾಪಿನ ತನಕ ಹೋಗಿ" ಅಂದಳು. "ರೈಟ್."

ಹೋದರು. ನಿಧಾನ ಮಾಡಿದರು. ಸದ್ದಿಲ್ಲ. ಡ್ರೈವರಣ್ಣ ಬೆವರುತ್ತಿದ್ದ. ಹೆಂಡತಿ ಕಣ್ಣು ಮುಚ್ಚಿ, ಡಾಕ್ಟರನಿಗಿಂತ ಆಳವಾಗಿ ಧ್ಯಾನ ಮಾಡಿದಳು. ಇವತ್ತು ಗಾಡಿಯಲ್ಲಿ ಏನು ಇಲ್ಲ? ಚಕ್ರ ಇದೆ, ಇಂಜಿನ್ ಇದೆ, ಗಂಡ ಇದಾನೆ. ಇಲ್ಲದಿರುವುದು...

ಕಣ್ಣು ಬಿಟ್ಟಳು. ನಗಲು ಶುರುಮಾಡಿದಳು. ಎಂಥಾ ನಗು ಅಂತೀರಿ, ಹಿಂದಿದ್ದ ಟೈರುಗಳು ಕುಣಿದವು. ಹೊಟ್ಟೆ ಹಿಡಿದುಕೊಂಡು, "ರೀ, ಕಂಡಕ್ಟ್ರಣ್ಣ ಬಸ್ಸಲ್ಲಿ ಟಿಕೆಟ್ ಟಿಕೆಟ್ ಅಂತ ಬರುವಾಗ ಉಂಗುರದಲ್ಲಿ ಕಂಬಿ ಮೇಲೆ ಏನು ಮಾಡ್ತಿದ್ರು?" ಅಂದಳು.

"ಏನು ಮಾಡ್ತಿದ್ದ? ಎಲ್ಲಾ ಕಂಡಕ್ಟರೂ ಬಡಿಯಲ್ವಾ, ಸ್ಟಾಪು ಬಂತು ಅಂತ, ಟಿಕೆಟ್ ತಗೊಳ್ಳಿ ಅಂತ..." ಡ್ರೈವರಣ್ಣನ ಬಾಯಿ ತೆರೆದದ್ದು ಹಾಗೇ ನಿಂತಿತು. ತಲೆದಿಂಬಿನ ಕೆಳಗಿನ ಕಂಬಿ ನೋಡಿದ. ಅದರ ಮೇಲಿನ ಬಣ್ಣ ಎದ್ದುಹೋಗಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಮೂವತ್ತೊಂದು ವರ್ಷ ಕೇಳಿ ಕೇಳಿ ಆ ಸದ್ದು ಇವನ ಕಿವಿಗೆ ಮೌನವಾಗಿಬಿಟ್ಟಿತ್ತು. ಬಡಿಯುವವನಿಗೆ ತನ್ನ ಕೈ ಬಡಿಯುತ್ತಿದೆ ಅನ್ನುವುದೇ ಗೊತ್ತಿರಲಿಲ್ಲ. ಡಾಕ್ಟರ್ ಸೀಟಿ ಹಾಕಿದ ಆ ಒಂದು ದಿನ ಬಿಟ್ಟರೆ, ಒಬ್ಬನನ್ನು ಬಿಟ್ಟು ಇನ್ನೊಬ್ಬ ಗಾಡಿಯಲ್ಲಿ ಹೋದವನಲ್ಲ. ಡಾಕ್ಟರ್ ಪಾಪ, ಎರಡು ಲಿಂಕು, ಒಂದು ದಿಂಡು, ಎಷ್ಟೋ ಹೊತ್ತಿನ ಊಟ ಕಳೆದುಕೊಂಡ.

"ಹಂಗಾದ್ರೆ ಗಾಡಿ..." ಡ್ರೈವರಣ್ಣನಿಗೆ ಮಾತು ತೊದಲಿತು.

"ಗಾಡಿ ಗಟ್ಟಿಮುಟ್ಟಾಗಿದೆ. ಮೂರೂ ಸದ್ದು ನಿಂತಿದೆ. ನಾನು ಕೂತಿದ್ದು ಲೆಕ್ಕಕ್ಕೆ ಬಂತು." ಅವಳು ಸೀಟಿನಲ್ಲಿ ಸರಿಯಾಗಿ ಒರಗಿ ಕೂತಳು. "ನಡೀರಿ. ರೈಟ್."

ಅವನು ಎರಡು ಮಾರು ಹೋಗಿ ಮತ್ತೆ ನಿಲ್ಲಿಸಿದ. "ಆಗಲ್ಲ ಕಣೇ. ಆ ಸದ್ದಿಲ್ಲದೆ ಗೇರು ಬದಲಿಸೋಕೆ ಕೈ ಬರ್ತಿಲ್ಲ. ಊಟದಲ್ಲಿ ಉಪ್ಪಿಲ್ಲದಂಗಿದೆ."

ಮೂರು ತಿಂಗಳು ಆ ಸದ್ದಿನ ಮೇಲೆ ಹಲ್ಲು ಕಡಿದಿದ್ದ ಹೆಂಡತಿ ಗಂಡನ ಮುಖ ನೋಡಿದಳು. ನಿಟ್ಟುಸಿರು ಬಿಟ್ಟಳು. ಬೆರಳಿನ ತಗಡಿನ ಟೊಪ್ಪಿಗೆಯಿಂದ ಬಾಗಿಲ ಹಿಡಿಯ ಮೇಲೆ ಬಡಿದಳು. ಟಕ್ ಟಕ್ ಟಕ್. ಡ್ರೈವರಣ್ಣನ ಮುಖಕ್ಕೆ ಕಳೆ ಬಂತು, ನಾಲಿಗೆಯ ತುದಿ ಹೊರಗೆ ಬಂತು, ಗಾಡಿ ಗುಡ್ಡದ ಏರನ್ನು ಬೆಕ್ಕು ಗೋಡೆ ಹತ್ತಿದ ಹಾಗೆ ಹತ್ತಿತು.

ಷಡ್ಡಕ ಗಿರಾಕಿಯ ಜೊತೆ ಗೇಟಿನಲ್ಲೇ ಕಾಯುತ್ತಿದ್ದ. "ಬನ್ನಿ ಅಕ್ಕಾ, ಬನ್ನಿ ಭಾವ! ಇವರೇ ನೋಡಿ ಗಾಡಿ ತಗೊಳ್ಳೋರು."

ಹೆಂಡತಿ ಇಳಿಯಲಿಲ್ಲ. ಕಿಟಕಿ ಇಳಿಸಿದಳು. "ಗಾಡಿ ಮಾರಾಟಕ್ಕಿಲ್ಲ. ಆದ್ರೆ ನೀವು ಮಾರುವಾಗ ಇದರೊಳಗೆ ನಿಮ್ಮ ಕೆಲವು ಸಾಮಾನು ಬಿಟ್ಟಿದ್ರಿ. ಕೊಟ್ಟು ಹೋಗೋಣ ಅಂತ ಬಂದ್ವಿ. ಹಿಂದಿನ ಬಾಗಿಲು ತೆಗೀರಿ."

ಷಡ್ಡಕ ತೆಗೆದ. ಟೈರು, ಬೇರಿಂಗು, ಬ್ಯಾಟರಿ, ಬುಷ್ಷಿನ ಮೂಟೆ, ಎಲ್ಲಾ ಅವನ ಕಾಲಬುಡಕ್ಕೆ ಧಡಧಡನೆ ಇಳಿದವು. ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದವನು ಎರಡನೇ ಹೆಜ್ಜೆಗೆ ರಸ್ತೆಯಲ್ಲಿದ್ದ, ಮೂರನೇ ಹೆಜ್ಜೆಗೆ ಕಾಣಲಿಲ್ಲ.

"ಭಾವ, ಊಟಕ್ಕಾದ್ರೂ ಇಳೀರಿ!"

ಡ್ರೈವರಣ್ಣ ಹೆಂಡತಿಯ ಕಡೆ ನೋಡಿದ. ಹೆಂಡತಿ ರಸ್ತೆಯ ಕಡೆ ನೋಡಿದಳು. ಗುಡ್ಡದ ಆಚೆ ರಸ್ತೆ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅವನ ಬಸ್ಸು ಆ ಕಡೆ ಎಂದೂ ಹೋದದ್ದಿಲ್ಲ.

"ಈ ರಸ್ತೇಲಿ ಸ್ಟಾಪುಗಳು ಇದಾವೇನ್ರೀ?"

"ಒಂದೂ ಇಲ್ಲ ಅನ್ಸತ್ತೆ ಕಣೇ."

"ಒಳ್ಳೇದೇ ಆಯ್ತು" ಅಂದಳು ಅವಳು.

ಅವರು ವಾಪಸ್ ಬಂದದ್ದು ನಾಲ್ಕು ದಿನದ ಮೇಲೆ. ಹೊಲಿಯಲು ಕೊಟ್ಟ ಅಂಗಿಗಳಿಗಾಗಿ ಗೇಟಿನಲ್ಲಿ ಹನ್ನೆರಡು ಜನ ಬೈಯುತ್ತಾ ನಿಂತಿದ್ದರು. ಇಬ್ಬರ ಮುಖವೂ ಬಿಸಿಲಿಗೆ ಕಂದಿ, ಮಕ್ಕಳ ಮುಖದ ಹಾಗೆ ಆಗಿತ್ತು. ಕಂಡಕ್ಟರನಿಗೆ ಉಂಗುರದ ಸಂಗತಿಯನ್ನು ಇವತ್ತಿನವರೆಗೂ ಯಾರೂ ಹೇಳಿಲ್ಲ. ನೀವೂ ಹೇಳಬೇಡಿ, ನೊಂದುಕೊಳ್ಳುತ್ತಾನೆ.

ಅದಿರಲಿ. ನೀವು ಬರುವಾಗಲೇ ಗಮನಿಸಿದೆ, ನಿಮ್ಮ ಗಾಡಿಯಲ್ಲೂ ಏನೋ ಸದ್ದಿದೆ. ಇಲ್ಲ ಅನ್ನಬೇಡಿ, ನಿಮಗೆ ಕೇಳಿಸುವುದಿಲ್ಲ, ಅಷ್ಟೇ. ಅದು ಎಲ್ಲಿಂದ ಬರುತ್ತದೆ ಅಂತ ನಾನು ಹೇಳಬಲ್ಲೆ, ಒಂದು ಕಾಸೂ ಬೇಡ. ಆದರೆ ಒಳಗೆ ಕೂತು, ಸಾಕಷ್ಟು ದೂರ ಹೋದರೇ ಗೊತ್ತಾಗುವುದು. ನನ್ನ ಮನೆ ಇಲ್ಲಿಂದ ಸರಿಯಾಗಿ ಅಷ್ಟೇ ದೂರ. ಏಳಿ, ಕೀ ತಗೊಳ್ಳಿ. ಮುಂದಿನ ಸೀಟಿನ ಮೇಲಿರುವ ಆ ಚೀಲ ಹಿಂದಕ್ಕೆ ಹಾಕಿ.